ಬಾಯಿ ಬಿಡದವರಿಗೂ ಹಾಜರಿ

ಬಣಕಲ್ ಕಡೆಯ ಶಾಲೆಯೊಂದರಲ್ಲಿ ಐದನೇ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದ ಯಜ್ಞನಾರಾಯಣ ಮೇಷ್ಟ್ರು, ಮಕ್ಕಳ ಹಾಜರಿ ಮುಗಿಸಿದ ಮೇಲೆ ಅಕ್ಷರಗಳ ಹಾಜರಿಯನ್ನೂ ತೆಗೆದುಕೊಳ್ಳುತ್ತಿದ್ದರು. ‘ನೈಫ್’ (knife) ಎಂಬ ಪದಕ್ಕೆ ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸುವರು. ‘ಎನ್’ ಆದವನು ಮೂಗಿನಿಂದ ಗುನುಗಬೇಕು, ‘ಎಫ್’ ಆದವಳು ಒಲೆ ಊದಿದಂತೆ ಊದಬೇಕು, ಎಲ್ಲರಿಗಿಂತ ಮುಂದೆ ನಿಂತ ‘ಕೆ’ಯಂತೂ ಬಾಯಿ ಬಿಡುವಂತೆಯೇ ಇಲ್ಲ. “ಜೀಪಿನ ಮುಂದಿನ ಸೀಟಲ್ಲಿ ಕೂತ ಸಾಹುಕಾರ್ರ ಹಾಗೆ ಮಾರಾಯ! ಕೆಲಸ ಏನೂ ಇಲ್ಲ, ಸೀಟು ಮಾತ್ರ ಬಿಡೋದಿಲ್ಲ,” ಎಂದು ಮೇಷ್ಟ್ರು ಹೊಟ್ಟೆ ಮುಂದೆ ಮಾಡಿ ಕುರ್ಚಿಯಲ್ಲಿ ಕುಲುಕಾಡಿ ತೋರಿಸುವರು. ಹಾಗೆ ಕುಲುಕಾಡಿಯೇ ಎರಡು ಕುರ್ಚಿ ಮುರಿದಿದ್ದವು. ‘ಕೆ’ಯ ಜಾಗ ಯಾವಾಗಲೂ ಶಾಲೆಯಲ್ಲಿ ಮಾತಾಡಲು ಹೆದರುವ ಶಾಲಿನಿಗೇ. ಹಿಂದಿನ ಮೇಷ್ಟ್ರು, ಅವಳು ‘ಪ್ರೆಸೆಂಟ್ ಸಾರ್’ ಎನ್ನಲಿಲ್ಲವೆಂದು ಎದುರಿಗೆ ಕೂತಿದ್ದರೂ ಗೈರುಹಾಜರಿ ಹಾಕಿ, ಹಾಜರಿ ಸಾಲದೆಂದು ಅದೇ ತರಗತಿಯಲ್ಲಿ ಉಳಿಸಿದ್ದರು. ಈ ಸಲ ತಪಾಸಣೆಗೆ ಬಂದ ಸಾಹೇಬರು ತಾವೇ ಹಾಜರಿ ಕೂಗಿದರು. ಶಾಲಿನಿ ಉತ್ತರಿಸಲಿಲ್ಲ. ಸಾಹೇಬರ ಪೆನ್ನು ಪುಸ್ತಕಕ್ಕೆ ಇಳಿಯಿತು. ಆಗ ಇಡೀ ತರಗತಿಯೇ ಎದ್ದು ಕಿರುಚಿತು: “ಗೈರು ಹಾಕ್ಬೇಡಿ ಸಾರ್! ಅವ್ಳು ನಮ್ಮ ಕೆ! ಮಾತಾಡಲ್ಲ, ಆದ್ರೆ ದಿನಾ ಬರ್ತಾಳೆ!”