ಹಾಳೆಯಲ್ಲಿ ಬರೆಯದ ತಟ್ಟೆ

ಓಂಕಾರಪ್ಪ ಹರಿಹರದವರು. ಹೆಂಡತಿ ಕನಕದುರ್ಗ ವಿಜಯವಾಡದ ಒನ್ ಟೌನ್ ಬಡಾವಣೆಯವಳು. ಅಲ್ಲಿಯ ಒಂದು ಔಷಧದ ಸಗಟು ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಇವರು ಅವಳನ್ನು ಮದುವೆಯಾದರು. ಆಮೇಲೆ ಪರವಾಡದ ಮಾತ್ರೆ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸ ಸಿಕ್ಕಿ ಹತ್ತಿರದ ಗಾಜುವಾಕಕ್ಕೆ ಬಂದರು. ಹನ್ನೊಂದು ವರ್ಷದಿಂದ ನನ್ನ ಕೆಳಗಿನ ಮನೆಯಲ್ಲಿದ್ದರು. ಮಕ್ಕಳಿರಲಿಲ್ಲ, ಒಂದು ಬೆಕ್ಕು ಇತ್ತು. ಅನಕಾಪಲ್ಲಿ ಬೆಲ್ಲದ ಬಣ್ಣದ್ದು. ಕನಕದುರ್ಗ ಅದಕ್ಕೆ ಬೆಲ್ಲಂ ಎಂದು ಹೆಸರಿಟ್ಟಿದ್ದಳು.

2017ರ ಫೆಬ್ರವರಿಯಲ್ಲಿ ಕನಕದುರ್ಗ ತಲೆನೋವೆಂದು ಮಲಗಿದವಳು ಏಳಲಿಲ್ಲ. ಓಂಕಾರಪ್ಪ ಅಳಲಿಲ್ಲ. ಹದಿನಾರನೆಯ ದಿನ ಎರಡನೇ ಪಾಳಿಗೆ ಹೋದರು. ಗಟ್ಟಿ ಮನುಷ್ಯ ಎಂದು ಬೀದಿಯವರು ಹೇಳಿದರು. ನನಗೆ ಹಾಗೆ ಕಾಣಲಿಲ್ಲ. ತಂತಿಯ ಮೇಲೆ ಹಾಕಿದ ಬಟ್ಟೆ ಮೂರು ದಿನ ಅಲ್ಲೇ ಇತ್ತು. ತೆಗೆಯಿರಿ ಎಂದೆ, ತೆಗೆದರು. ಹೇಳದಿದ್ದರೆ ಇನ್ನೂ ಅಲ್ಲೇ ಇರುತ್ತಿತ್ತು.

ಇಪ್ಪತ್ತನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಫೈಲು ಹಿಡಿದು ಮೇಲೆ ಬಂದರು.

"ಮೇಡಂ, ಒಂದು ಸಹಿ ಬೇಕಾಗಿತ್ರಿ."

ವಿಮೆಯ ಕಾಗದವೆಂದುಕೊಂಡೆ. ತೆರೆದರೆ ಬೆಕ್ಕಿನ ಹಾಳೆಗಳು. ಸಮಯ, ಕೊಟ್ಟ ಆಹಾರ, ಎಷ್ಟು ಗ್ರಾಂ, ನೀರು, ವಾಂತಿ, ಮಲ ಹೇಗಿತ್ತು. ಕೊನೆಯಲ್ಲಿ ಎರಡು ಕಲಂ: ಮಾಡಿದವರು, ಪರಿಶೀಲಿಸಿದವರು. ಮೊದಲನೆಯದರಲ್ಲಿ ಅವರ ಸಹಿ. ಎರಡನೆಯದು ಉದ್ದಕ್ಕೂ ಖಾಲಿ.

"ಕಾರ್ಖಾನೆಯಲ್ಲಿ ಒಬ್ಬರು ಮಾಡಿದ್ದನ್ನ ಇನ್ನೊಬ್ಬರು ನೋಡಿ ಸಹಿ ಮಾಡಲಿಲ್ಲಂದ್ರೆ ಅದು ಆಗೇ ಇಲ್ಲ ಅಂತ ಅರ್ಥ ರೀ," ಎಂದರು. "ಮನೆಯಾಗೆ ಇನ್ನೊಬ್ಬರು ಇಲ್ಲ."

ನಾನು ಮೂವತ್ತೆಂಟು ವರ್ಷ ರಸಾಯನಶಾಸ್ತ್ರ ಕಲಿಸಿದವಳು. ಓದದೆ ಸಹಿ ಹಾಕುವುದಿಲ್ಲ, ಬಿಟ್ಟು ಹೋಗಿ ಎಂದೆ. ಅವರು ಹೋಗಲಿಲ್ಲ. ಬಾಗಿಲಲ್ಲೇ ನಿಂತು ವಿಷಯ ಹೇಳಿದರು. ಸೂತಕದ ದಿನಗಳಲ್ಲಿ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಕ್ಯಾರಿಯರಿನಲ್ಲಿ ಊಟ ತಂದ ನೆರೆಯವರೆಲ್ಲ ಬೆಕ್ಕಿಗೆ ಒಂದೊಂದು ಬಟ್ಟಲು ಹಾಲು ಹಾಕಿದ್ದರು, ಅನ್ನ ಕಲಸಿ ಇಟ್ಟಿದ್ದರು. ಅಲ್ಲಿಂದ ಭೇದಿ ಶುರುವಾಗಿತ್ತು. ಪಶುವೈದ್ಯ ತೇಜ ಎಂಬ ಹುಡುಗ ಜಂತುವಿಲ್ಲ ಎಂದಿದ್ದ. ಹಾಲು ಬೇಡ, ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ, ಅದಕ್ಕೆ ಸ್ವಲ್ಪ ಅನ್ನ, ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ ಎಂದು ಹೇಳಿದ್ದ. ಜನ್ಮದಲ್ಲಿ ಮಾಂಸ ಮುಟ್ಟದ ಓಂಕಾರಪ್ಪ ಕೋಳಿ ಬೇಯಿಸಿ ತೂಗಿ ಕೊಡುತ್ತಿದ್ದರು. ಆದರೂ ವಾಸಿಯಾಗಿರಲಿಲ್ಲ.

"ಮಾಸಿಕದ ಹೊತ್ತಿಗೆ ಹುಷಾರಾಗಲಿಲ್ಲಂದ್ರೆ ಗಂಗಾಭವಾನಿ ವಿಜಯವಾಡಕ್ಕೆ ಒಯ್ತಾಳಂತ್ರಿ."

ಗಂಗಾಭವಾನಿ ಕನಕದುರ್ಗಳ ತಂಗಿ. ತಿಂಗಳ ಕರ್ಮ ಅವಳ ಮನೆಯಲ್ಲೇ ಎಂದು ನಿಶ್ಚಯವಾಗಿತ್ತು. ನಾವು ಮಾತಾಡುತ್ತಿರುವಾಗಲೇ ಅವಳ ಫೋನು ಬಂತು. ಅವಳ ತೆಲುಗು ನನಗೂ ಕೇಳುವಷ್ಟು ಜೋರಾಗಿತ್ತು.

"ಬಾವಗಾರೂ, ಬುಟ್ಟಿ ರೆಡಿ ಮಾಡಿಟ್ಟಿದ್ದೀನಿ. ಮಾತ್ರೆ ಎಣಿಸೋರ ಕೈಲಿ ಬೆಕ್ಕು ಬದುಕುತ್ತಾ? ಅಕ್ಕ ಹೋದಳು, ಅದೂ ಹೋಗಲಿ ಅಂತ ಇದ್ದೀರಾ?"

"ಹತ್ತು ದಿನ ಐತಲ್ಲಮ್ಮ."

"ಹತ್ತು ದಿನ ಅಂತ ಬೆಕ್ಕಿಗೆ ಹೇಳಿದ್ದೀರಾ?"

ಸಿಟ್ಟೂ ಬರಲಿಲ್ಲ ಅವರಿಗೆ. "ಒಯ್ಯಲಿ ಬಿಡ್ರಿ," ಎಂದರು ನನಗೆ. ಫೈಲು ನನ್ನ ಕೈಗೆ ಕೊಟ್ಟು, "ಮನೆಯಾಗೆ ಓಡಾಡೋದು ಅದೊಂದೇ," ಎಂದರು.

ಹಾಳೆಗಳನ್ನು ಎರಡು ಸಲ ಓದಿದೆ. ಬೆಳಿಗ್ಗೆ ಆರಕ್ಕೆ ಮಲ ನೀರು. ಹತ್ತಕ್ಕೆ ಪರವಾಗಿಲ್ಲ. ಮಧ್ಯಾಹ್ನ ಸರಿ. ಮರುದಿನ ಬೆಳಿಗ್ಗೆ ಮತ್ತೆ ನೀರು, ಜೊತೆಗೆ ವಾಂತಿ. ಪಾಳಿಗೆ ಹೋದ ದಿನವೆಲ್ಲ ಹೀಗೇ. ಒಂದು ಸೋಮವಾರ ಬೆಳಿಗ್ಗೆ ಮಾತ್ರ ಗಟ್ಟಿ. ಅದರ ಹಿಂದಿನ ಭಾನುವಾರ ಅವರಿಗೆ ರಜೆ. ಅಂದರೆ ಇವರು ಮನೆಯಲ್ಲಿದ್ದರೆ ಬೆಕ್ಕಿಗೆ ಗುಣ, ಹೋದರೆ ಕೆಡುಕು. ಪಾಳಿಯ ದಿನಗಳಲ್ಲಿ ಮಧ್ಯಾಹ್ನ ಒಂದರಿಂದ ರಾತ್ರಿ ಹನ್ನೊಂದರವರೆಗೆ ಹಾಳೆಯಲ್ಲಿ ಏನೂ ಇರಲಿಲ್ಲ.

ಹನ್ನೆರಡೂವರೆಗೆ ಹಾಳೆ ಹಿಡಿದು ಕೆಳಗಿಳಿದೆ. ಓಂಕಾರಪ್ಪ ಕಂಪನಿ ಬಸ್ಸಿಗೆ ಹೊರಟಿದ್ದರು. ಬೆಕ್ಕು ಕಿಟಕಿಯ ಕೆಳಗೆ ಮುದುಡಿತ್ತು, ಬೆನ್ನಿನ ಮೂಳೆ ಕಾಣುತ್ತಿತ್ತು. ಗೋಡೆಯ ಬಳಿ ಒಂದು ಮಣೆ, ಮಣೆಯ ಮೇಲೆ ಕನಕದುರ್ಗಳ ಫೋಟೊ. ಓಂಕಾರಪ್ಪ ಪೊಟ್ಟಣವೊಂದನ್ನು ಬಿಚ್ಚಿ ತಟ್ಟೆಗೆ ಸುರಿದು ಫೋಟೊದ ಮುಂದೆ ಇಟ್ಟರು. ಅನ್ನ, ಅದರ ಮೇಲೆ ಸಾರು ಮಾರುವ ಕರ್ರಿ ಪಾಯಿಂಟ್ ಅಂಗಡಿಯ ಮೀನಿನ ಪುಲುಸು, ಹುಳಿ ಸಾರು. ಈರುಳ್ಳಿ, ಬೆಳ್ಳುಳ್ಳಿಯ ವಾಸನೆ ನಾನು ನಿಂತಲ್ಲಿಗೇ ಬಂತು. ಪಕ್ಕದಲ್ಲಿ ಒಂದು ಲೋಟ ಹಾಲಿನ ಕಾಫಿ.

"ಇದೇನು?"

"ಅವಳಿಗೆ ರೀ. ಹನ್ನೊಂದನೇ ದಿನದಿಂದ ಇಡ್ತಿದೀನಿ. ಅಕ್ಕನಿಗೆ ಇಷ್ಟವಾದದ್ದು ಮಾಸಿಕದವರೆಗೆ ದಿನಾ ಇಡಿ ಅಂತ ಗಂಗಾಭವಾನಿ ಹೇಳಿದಳು. ನಮ್ಮ ಹರಿಹರದ ಮನೆಯಾಗೆ ಈ ಪದ್ಧತಿ ಇಲ್ಲ."

"ಯಾವಾಗ ತೆಗೆಯುತ್ತೀರಿ?"

"ಬಂದ ಮೇಲೆ, ರಾತ್ರಿ."

"ಆಗ ಹೇಗಿರುತ್ತದೆ?"

ಅವರು ಟಿಫಿನ್ ಡಬ್ಬಿಯ ಮುಚ್ಚಳ ಒತ್ತಿದರು. ಮತ್ತೊಮ್ಮೆ ಒತ್ತಿದರು.

"ಖಾಲಿ ಇರ್ತೈತ್ರಿ."

"ಭಾನುವಾರ?"

"ಭಾನುವಾರ ನಾನು ಮುಂದೇನೇ ಕುಂತಿದ್ದೆ. ಹಂಗೇ ಇತ್ತು."

"ಇದು ಹಾಳೆಯಲ್ಲಿ ಯಾಕಿಲ್ಲ?"

"ಅದು ಬೆಕ್ಕಿಂದಲ್ಲ ರೀ."

ಹನ್ನೊಂದು ವರ್ಷ ಮಾತ್ರೆಗಳ ಗುಣಮಟ್ಟ ನೋಡಿದ ಮನುಷ್ಯನಿಗೆ ತಟ್ಟೆ ಯಾರು ಖಾಲಿ ಮಾಡುತ್ತಾರೆಂದು ತಿಳಿಯದೆ ಇರಲು ಸಾಧ್ಯವಿಲ್ಲ. ಅವರು ತಮ್ಮನ್ನು ತಾವು ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ, ಅಷ್ಟೆ. ನಾನು ಸುತ್ತುಬಳಸಿ ಹೇಳುವವಳಲ್ಲ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತವನ್ನೇ ಕೆಡಿಸುತ್ತವೆ, ಹಾಲು ಹೊಟ್ಟೆಯನ್ನು ಕೆಡಿಸುತ್ತದೆ ಎಂದೆ. ತಟ್ಟೆ ಹೀಗೇ ಇಟ್ಟರೆ ಮಾಸಿಕದವರೆಗೂ ಅದು ಉಳಿಯುವುದಿಲ್ಲ ಎಂದೆ.

ಹೊರಗೆ ಬಸ್ಸು ಹಾರನ್ ಹೊಡೆಯಿತು. ಓಂಕಾರಪ್ಪ ಅಡುಗೆಮನೆಗೆ ಹೋಗಿ ತರಕಾರಿಯ ಬಿದಿರು ಬುಟ್ಟಿ ತಂದು ತಟ್ಟೆ, ಲೋಟ ಎರಡರ ಮೇಲೂ ಕವುಚಿದರು. ಅದರ ಮೇಲೆ ರುಬ್ಬುವ ಗುಂಡು ಇಟ್ಟರು. ಹಾಳೆ ತೆಗೆದುಕೊಂಡು ನಿಂತಲ್ಲೇ ಬರೆದರು: ತಟ್ಟೆ, ದಿನವೂ, ಮೀನಿನ ಪುಲುಸು, ಕಾಫಿ. ತಿಂದದ್ದು: ಬೆಕ್ಕು. ಸಹಿ ಮಾಡಿ ನನ್ನ ಕೈಗೆ ಕೊಟ್ಟರು. ನಾನೂ ಮಾಡಿದೆ. ಬಸ್ಸು ಹೊರಟುಹೋಗಿತ್ತು. ಅವರು ಆಟೊ ಹಿಡಿದರು.

ತೇಜನಿಗೆ ಫೋನು ಮಾಡಿದೆ. ವಸಡು ಬಿಳಿಚಿದೆಯೇ ನೋಡಿ, ಬಿಳಿಚಿದ್ದರೆ ಈಗಲೇ ತನ್ನಿ ಎಂದ. ಬಿಳಿಚಿರಲಿಲ್ಲ, ಆದರೂ ಕರೆದುಕೊಂಡು ಹೋದೆ. ರಕ್ತ ನೋಡಿ, ಸ್ವಲ್ಪ ಕಡಿಮೆಯಿದೆ, ಚೇತರಿಸಿಕೊಳ್ಳುತ್ತದೆ ಎಂದ.

ಮರುದಿನ ಬೆಳಿಗ್ಗೆ ಹಾಳೆಯಲ್ಲಿ ಹೊಸದೊಂದು ಸಾಲಿತ್ತು. ತಟ್ಟೆ: ಇಟ್ಟ ಹಾಗೆಯೇ ಇದೆ. ಮೂರನೆಯ ದಿನವೂ ಅದೇ. ನಾಲ್ಕನೆಯ ದಿನ ಬೆಕ್ಕಿನ ಮಲ ಗಟ್ಟಿ. ತಟ್ಟೆ ಇಟ್ಟ ಹಾಗೆಯೇ. ಎರಡನ್ನೂ ನೋಡಿ ಸಹಿ ಹಾಕಿದೆ. ಐದನೆಯ ದಿನದಿಂದ ಆ ಸಾಲಿನಲ್ಲಿ ಒಂದು ಅಡ್ಡಗೆರೆ ಮಾತ್ರ ಇತ್ತು, ಫೋಟೊದ ಮುಂದೆ ತಟ್ಟೆ ಇರಲಿಲ್ಲ. ಏಕೆಂದು ನಾನು ಕೇಳಲಿಲ್ಲ.

ಮಾಸಿಕಕ್ಕೆ ಓಂಕಾರಪ್ಪ ಒಬ್ಬರೇ ರೈಲಿನಲ್ಲಿ ವಿಜಯವಾಡಕ್ಕೆ ಹೋದರು. ಒಂದೂವರೆ ದಿನ ಬೆಕ್ಕು ನನ್ನಲ್ಲಿತ್ತು. ಹಿಂತಿರುಗಿದವರು ಚೀಲ ಕೆಳಗಿಡದೆ ಮೇಲೆ ಬಂದರು.

"ಅಲ್ಲಿ ತಟ್ಟೆ ಹತ್ತೇ ನಿಮಿಷ ಇಡ್ತಾರ್ರಿ ಮೇಡಂ. ಆಮೇಲೆ ತೆಗೆದು ಎಲ್ಲರೂ ಅದನ್ನೇ ಉಣ್ತಾರೆ. ಅದನ್ನ ಗಂಗಾಭವಾನಿ ಹೇಳಿರಲಿಲ್ಲ."

"ನೀವೂ ಉಂಡಿರಾ?"

"ಅನ್ನ ಅಷ್ಟೇ ಉಂಡೆ."

"ಗಂಗಾಭವಾನಿ ಬೆಕ್ಕನ್ನು ಕೇಳಲಿಲ್ಲವೇ?"

"ಕೇಳಿದಳು. ಬ್ಯಾಚ್ ಇನ್ನೂ ಹೋಲ್ಡ್‌ನಾಗೈತಿ, ಪರೀಕ್ಷೆ ಮುಗಿಯೋತನಕ ಹೊರಗೆ ಬಿಡಂಗಿಲ್ಲ ಅಂದೆ."

"ಎಷ್ಟು ದಿನ?"

"ಬರೆದಿಲ್ಲ ರೀ."

ನಾನು ಆ ಒಂದೂವರೆ ದಿನದ ಹಾಳೆ ಕೊಟ್ಟೆ. ಕೋಳಿ, ಅನ್ನ, ನೀರು, ಮಲ ಗಟ್ಟಿ. ಮಾಡಿದವರು ಎಂಬಲ್ಲಿ ನನ್ನ ಸಹಿ. ಓಂಕಾರಪ್ಪ ಬಾಗಿಲಲ್ಲೇ ನಿಂತು ಮೇಲಿನಿಂದ ಕೆಳಗಿನವರೆಗೆ ಓದಿದರು. ಒಂದು ಕಡೆ ಸಮಯ ಬರೆಯುವುದು ಬಿಟ್ಟುಹೋಗಿದೆ ಎಂದು ತೋರಿಸಿದರು. ನಾನು ಅದನ್ನು ತುಂಬಿದೆ. ಆಮೇಲೆ ಪರಿಶೀಲಿಸಿದವರು ಎಂಬಲ್ಲಿ ಸಹಿ ಮಾಡಿ, ಬೆಕ್ಕನ್ನು ಎತ್ತಿಕೊಂಡು ಕೆಳಗೆ ಹೋದರು.