ಪೆರೀನ್ ಬೇಡಿದ ಒಂದು ತಿಂಗಳು

ನಮ್ಮ ದೊರೆಯ ಮನೆಯಲ್ಲಿ ಹೆಣ್ಣುಮಕ್ಕಳ ಹಣೆಬರಹವನ್ನು ದೊರೆಯೇ ಬರೆದುಬಿಡುತ್ತಿದ್ದ. ದೊಡ್ಡವಳಿಗೆ ವರದಕ್ಷಿಣೆ, ಮಿಕ್ಕವರಿಗೆ ಕನ್ಯಾಮಠ. ಆಗಿನ್ನೂ ಫ್ರಾನ್ಸಿಗೆ ರಾಜನಿದ್ದ, ದೊಡ್ಡ ಮನೆತನಗಳೆಲ್ಲ ನಡೆಯುತ್ತಿದ್ದದ್ದೇ ಹೀಗೆ. ಅವರ ಅಡುಗೆಮನೆಯಲ್ಲಿ ಎಲೆಕೋಸಿನ ಸಾರು ಕುದಿಸುತ್ತಾ ಎಲ್ಲವನ್ನೂ ಕಂಡವಳು ನಾನು. ಆದರೆ ಆ ದೊಡ್ಡವರ ಕಥೆ ಹಾಳಾಗಲಿ, ನನಗೆ ಹೇಳಬೇಕಿರುವುದು ಪೆರೀನಳದ್ದು.

ಪೆರೀನ್ ಮರದ ಮೆಟ್ಟು ಕೆತ್ತುವವನ ಹೆಂಡತಿ. ದೊರೆಯ ಎರಡನೇ ಮಗಳು ಸಿದೊನಿಗೆ ಹಾಲೂಡಿಸಲು ಬಂದಳು. ಅತ್ತ ಅವಳ ಸ್ವಂತ ಕೂಸು ಮೇಕೆಯ ಹಾಲು ಕುಡಿದು, ಮೈಗೆ ಹತ್ತದೆ ಸತ್ತಿತು. ಆಮೇಲೆ ಅವಳು ಊರಿಗೆ ಹೋಗಲಿಲ್ಲ. ಸಿದೊನಿಯೇ ಅವಳಿಗೆ ಎಲ್ಲ ಆದಳು.

ದೊಡ್ಡವಳು ಎಲೆನೋರಳನ್ನು ಪಕ್ಕದ ಸೀಮೆಯ ಒಡೆಯ ವೈಕೌಂಟನಿಗೆ ಕೊಟ್ಟರು. ಹೆಂಡತಿಗಿಂತ ಬೇಟೆನಾಯಿಗಳನ್ನು ಚೆನ್ನಾಗಿ ಸಾಕುವ ಮನುಷ್ಯ. ಸಿದೊನಿಯನ್ನು ಮಠಕ್ಕೆ ಸೇರಿಸಿದರು. ಮೊದಮೊದಲು ಅತ್ತಳು, ಬರಬರುತ್ತಾ ಹೊಂದಿಕೊಂಡಳು. ಸನ್ಯಾಸಿನಿಯಾಗುವ ಕೊನೆಯ ವ್ರತಕ್ಕೆ ಒಂದು ವಾರ ಇದ್ದಾಗ ಪೆರೀನ್ ಹುರಿದ ಚೆಸ್ಟ್‌ನಟ್ ಬೀಜ ಕಟ್ಟಿಕೊಂಡು ಅವಳನ್ನು ನೋಡಲು ಹೋದಳು. ಜೊತೆಗೆ ನಾನೂ ಇದ್ದೆ. ನಡುವೆ ಕಬ್ಬಿಣದ ಜಾಲರಿ.

"ಭಾನುವಾರ ವ್ರತ ಕಣೇ ಪೆರೀನ್. ಆಮೇಲೆ ನನ್ನ ಇಲ್ಲಿಂದ ಯಾರೂ ಅಲ್ಲಾಡ್ಸಕ್ಕಾಗಲ್ಲ," ಎಂದಳು ಸಿದೊನಿ.

"ಅದೇ ನನ್ ಭಯ! ಈ ವಯಸ್ಸಿಗೆ ಕೂದ್ಲು ಕತ್ತರಿಸ್ಕೊಂಡು ಜೀವಂತ ಹೂತ್ಕೊಳ್ತೀಯಾ? ಜ್ವರ ಅಂತ ಮಲಕ್ಕೋ. ಒಂದ್ ತಿಂಗಳು ಮುಂದೆ ಹಾಕ್ಸು. ಅಷ್ಟ್ರಲ್ಲಿ ಯಾವ್ದಾದ್ರೂ ಸಂಬಂಧ ಬಂದ್ರೂ ಬರ್ಬೋದು."

"ನಂಗಿಲ್ಲಿ ಚೆನ್ನಾಗೇ ಇದೆ. ಜೇನುಗೂಡೆಲ್ಲ ನಾನೇ ನೋಡ್ಕೊಳ್ಳೋದು."

"ನಿಂಗೋಸ್ಕರ ನನ್ ಕೂಸನ್ನ ಕಳ್ಕೊಂಡೋಳು ನಾನು. ನಂಗೊಂದು ತಿಂಗಳು ಕೊಡಲ್ವಾ?"

ಇಂಥ ಮಾತಿಗೆ ಯಾವ ಹುಡುಗಿ ತಾನೇ ಇಲ್ಲ ಅಂದಾಳು? ಸಿದೊನಿ ಜ್ವರವೆಂದು ಮಲಗಿದಳು.

ಆ ತಿಂಗಳಲ್ಲೇ ಎಲೆನೋರ್ ಹೆರಿಗೆಯಲ್ಲಿ ಸತ್ತಳು, ಮಗುವೂ ಉಳಿಯಲಿಲ್ಲ. ಮಕ್ಕಳಿಲ್ಲದೆ ಹೆಂಡತಿ ಸತ್ತರೆ ವರದಕ್ಷಿಣೆ ವಾಪಸು ಕೊಡಬೇಕು. ಅಳಿಯನಿಗೆ ಕೊಡುವ ಮನಸ್ಸಿಲ್ಲ, ದೊರೆಗೆ ಆ ನಂಟು ಬಿಡುವ ಮನಸ್ಸಿಲ್ಲ. ಅಕ್ಕನ ವರದಕ್ಷಿಣೆಗೇ ತಂಗಿಯನ್ನು ಕೊಡುವುದೆಂದಾಯಿತು. ವ್ರತ ಆಗಿದ್ದರೆ ಬಿಷಪ್ಪರೂ ಅವಳನ್ನು ಹೊರಗೆ ತರುವಂತಿರಲಿಲ್ಲ. ಆಗಿರಲಿಲ್ಲವಲ್ಲ! ಭಾವನನ್ನು ಮದುವೆಯಾಗಲು ರೋಮಿನ ಪೋಪರಿಂದ ಅಪ್ಪಣೆ ತರಿಸಿದರು.

ಮದುವೆಯ ದಿನ ಪೆರೀನ್ ಅವಳ ರವಿಕೆಯ ದಾರ ಬಿಗಿಯುತ್ತಿದ್ದಳು.

"ಇವತ್ತೂ ಜ್ವರ ಅನ್ಲೇನೇ?" ಎಂದಳು ಸಿದೊನಿ. ಸಿಟ್ಟಿನಿಂದ ಅಂದಿದ್ದರೆ ಪೆರೀನ್ ತಡೆದುಕೊಳ್ಳುತ್ತಿದ್ದಳೋ ಏನೋ. ಅವಳು ನಗುತ್ತಾ ಅಂದಳು.

ಎರಡನೇ ಚಳಿಗಾಲದಲ್ಲಿ ಸಿದೊನಿಯೂ ಅಕ್ಕನ ಹಾಗೆಯೇ ಸತ್ತಳು. ಮಣ್ಣು ಮಾಡಿ ಬಂದು ಊಟಕ್ಕೆ ಕೂತ ವೈಕೌಂಟ್ ಎದುರಿಗಿದ್ದ ಕೊನೆಯ ನಾದಿನಿ ಲೂಸಳನ್ನು ನೋಡುತ್ತಾ, "ಇವ್ಳೂ ಉದ್ದ ಆಗ್ಬಿಟ್ಟಿದ್ದಾಳಲ್ಲ ಮಾವ," ಎಂದು ವೈನ್ ಕೇಳಿದ. ಬಾತುಕೋಳಿ ಬಡಿಸುತ್ತಿದ್ದ ನನಗೆ ಆ ಸೌಟಿನಿಂದಲೇ ಅವನ ಮುಖಕ್ಕೆ ಬಾರಿಸಬೇಕೆನಿಸಿತು. ಪೆರೀನ್ ನೇರವಾಗಿ ದೊರೆಸಾನಿಯ ಕೋಣೆಗೆ ಹೋದಳು. ಗಂಡಸರು ಬೇಟೆಗೆ ಹೋದ ದಿನ ದೊರೆಸಾನಿ ಲೂಸಳನ್ನು ಮಠಕ್ಕೆ ಸೇರಿಸಲು ಗುಟ್ಟಾಗಿ ಗಾಡಿ ಕಟ್ಟಿಸಿಕೊಟ್ಟಳು; ಪೆರೀನಳ ಜೊತೆ ನಾನೂ ಹತ್ತಿದೆ.

ಲೂಸಳಿಗೆ ಕುಣಿತವೆಂದರೆ ಪ್ರಾಣ, ಮದುವೆಯ ಕನಸು ಬೇರೆ. ದಾರಿಯುದ್ದಕ್ಕೂ ರಂಪ ಮಾಡಿದಳು. ಮಠದ ಬಾಗಿಲಲ್ಲಿ ಪೆರೀನಳ ಲಂಗ ಹಿಡಿದು ಜೋತುಬಿದ್ದಳು.

"ನಂಗ್ ಮಠ ಬೇಡ! ಮನೆಗ್ ಕರ್ಕೊಂಡ್ ಹೋಗೇ! ನೀನೂ ಅವ್ರ ಕಡೆನೇನಾ?"

ಪೆರೀನ್ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಮಠದ ಹಿರಿಯ ತಾಯಿ ಹೊರಬಂದು ಪದ್ಧತಿಯಂತೆ, "ಮಗೂ, ನಿನ್ನಿಷ್ಟದಿಂದ್ಲೇ ಬಂದ್ಯಾ?" ಎಂದು ಕೇಳಿದರು. ಲೂಸ್ ಬಿಕ್ಕುತ್ತಲೇ ಇದ್ದಳು.

"ಹೂಂ ತಾಯಿ, ಅವಳಿಷ್ಟದಿಂದ್ಲೇ," ಎಂದಳು ಪೆರೀನ್. "ವ್ರತ ಬೇಗ ಕೊಡ್ಸಿ. ಅವ್ಳು ಏನ್ ಬೇಡ್ಕೊಂಡ್ರೂ ಕೇಳ್ಬೇಡಿ."