ತಾರೀಕು ಬಿಟ್ಟ ಫ್ಲೆಕ್ಸ್

ಚನ್ನಗಿರಿಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಎಲ್ಲದಕ್ಕೂ ಬ್ಯಾನರ್ ಮಾಡುತ್ತೇನೆ. ಯಾರಾದರೂ ತೀರಿಕೊಂಡರೆ ಗಂಟೆಯೊಳಗೆ ಅವರ ಕಡೆಯವರು ಬಂದು ನಿಲ್ಲುತ್ತಾರೆ. ಅದಕ್ಕೇ ಊರಲ್ಲಿ ಯಾರಾದರೂ ಹಾಸಿಗೆ ಹಿಡಿದರೆಂದು ಗೊತ್ತಾದರೆ ಫೋಟೋ ಹೊಂದಿಸಿ, ಎರಡೂ ಕಡೆ ದೀಪ ಇಟ್ಟು, ತಾರೀಕಿನ ಜಾಗ ಮಾತ್ರ ಖಾಲಿ ಬಿಟ್ಟು ತಯಾರಾಗಿರುತ್ತಿದ್ದೆ. ಇದನ್ನು ನನ್ನ ಜಾಣತನವೆಂದು ಕೊಚ್ಚಿಕೊಂಡದ್ದೂ ಉಂಟು.

ಹೋದ ವರ್ಷ ಸವಳಂಗದಲ್ಲಿರುವ ನನ್ನಣ್ಣನ ಕಣ್ಣು ಹಳದಿಯಾಯಿತು. ನೋವಿಲ್ಲ, ಜ್ವರವಿಲ್ಲ, ಆದರೆ ಅಂಗಿ ದಿನದಿನಕ್ಕೆ ಸಡಿಲವಾಗುತ್ತಿತ್ತು. ಸ್ಕ್ಯಾನ್ ನೋಡಿದ ಡಾಕ್ಟರು ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆಯಿದೆ, ಕ್ಯಾನ್ಸರ್ ಇರಬಹುದು, ಇನ್ನೂ ಪರೀಕ್ಷೆ ಆಗಬೇಕು ಎಂದರು.

"ಏನೂ ಗೊತ್ತಾಗಿಲ್ಲ ಕಣಪ್ಪ, ಈಗಲೇ ಯಾರಿಗೂ ಹೇಳಾಕೆ ಹೋಗಬ್ಯಾಡ," ಎಂದರು ಅತ್ತಿಗೆ.

ಯಾರಿಗೂ ಹೇಳಲಿಲ್ಲ. ಆದರೆ ಮಾರನೇ ದಿನ ಅಂಗಡಿಯಲ್ಲಿ ಕೂತು, ಅಳುತ್ತಲೇ, ಅಣ್ಣನ ಫ್ಲೆಕ್ಸ್ ಮಾಡಿದೆ. ನಮ್ಮ ಮನೆಯ ಗೃಹಪ್ರವೇಶದಲ್ಲಿ ಅಣ್ಣ ಅತ್ತಿಗೆ ಜೋಡಿಯಾಗಿ ನಿಂತ ಫೋಟೋ ಅದು. ಅತ್ತಿಗೆಯನ್ನು ಕತ್ತರಿಸಿ ತೆಗೆದೆ. ಅಣ್ಣ ಆಸ್ಪತ್ರೆಯಲ್ಲಿದ್ದಷ್ಟು ದಿನ ನಾನು ಹೋದದ್ದು ಒಂದೇ ಸಲ. ಅಣ್ಣನನ್ನು ಹಾಗೆ ನೋಡಲಾಗುವುದಿಲ್ಲ ಎಂದು ನೆಪ ಹೇಳಿದೆ.

ಅದು ಕ್ಯಾನ್ಸರ್ ಆಗಿರಲಿಲ್ಲ. ಮೈ ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಆ ಗ್ರಂಥಿಯ ಮೇಲೆ ತಿರುಗಿಬಿದ್ದು ಬಾವು ತರಿಸಿತ್ತಂತೆ, ನೋಡಲು ಥೇಟ್ ಕ್ಯಾನ್ಸರಿನ ಹಾಗೆಯೇ. ಸ್ಟೆರಾಯ್ಡ್ ಮಾತ್ರೆ ಶುರುವಾದ ಮೇಲೆ ಗಡ್ಡೆ ಕರಗಿತು, ಕಣ್ಣು ಬೆಳ್ಳಗಾಯಿತು. ನಾನು ಆ ಫೈಲನ್ನು ಅಳಿಸಬೇಕಿತ್ತು. ತೆರೆದು ನೋಡಲು ನಾಚಿಕೆಯಾಗಿ ಹಾಗೇ ಬಿಟ್ಟೆ.

ಮೊನ್ನೆ ಅಣ್ಣ ಬೈಕಿನಲ್ಲಿ ಅಂಗಡಿಗೇ ಬಂದ. "ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ಆತು. ನಿಮ್ಮನೆ ಗೃಹಪ್ರವೇಶದ ಫೋಟೋ ಐತಲ್ಲ, ಅದನ್ನ ದೊಡ್ಡದು ಮಾಡಿಕೊಡು. ನಿಮ್ಮ ಅತ್ತಿಗೆಗೆ ಗೊತ್ತಾಗಬಾರದು," ಎಂದು ನಕ್ಕ.

ಖುಷಿಯಲ್ಲಿ ಅವನ ಹೆಸರಿನ ಫೋಲ್ಡರ್ ತೆರೆದು ಮೊದಲು ಕಂಡ ಫೈಲನ್ನು ಒತ್ತಿದೆ. ಪರದೆಯ ತುಂಬ ದೀಪಗಳು, ನಡುವೆ ಅಣ್ಣ, ಕೆಳಗೆ ದುಃಖತಪ್ತರಲ್ಲಿ ಮೊದಲು ನನ್ನ ಹೆಸರು. ಮುಚ್ಚಲು ಹೋಗಿ ಗಡಿಬಿಡಿಯಲ್ಲಿ ಅದನ್ನು ಇನ್ನಷ್ಟು ದೊಡ್ಡದು ಮಾಡಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಣ್ಣ ಬೈಯಲಿಲ್ಲ. ಖಾಲಿ ಬಿಟ್ಟ ತಾರೀಕಿನ ಜಾಗ ನೋಡಿದ. ಆಮೇಲೆ ತನ್ನ ಭುಜದ ಪಕ್ಕ, ನನ್ನಿಂದ ಪೂರ್ತಿ ಅಳಿಸಲಾಗದೆ ಉಳಿದಿದ್ದ ಸೀರೆಯ ಅಂಚಿನ ಮೇಲೆ ಬೆರಳಿಟ್ಟ.

"ನಿಮ್ಮ ಅತ್ತಿಗೆನ ಯಾಕೋ ತೆಗೆದೆ?" ಎಂದ. "ಆಸ್ಪತ್ರೆಯಾಗೆ ನನ್ನ ಪಕ್ಕ ಇದ್ದೋಳು ಅವಳೊಬ್ಬಳೇ."